ಸಾಹಸ ಕೇಂದ್ರದಲ್ಲಿ ಇಂಟರ್ನ್‌ಶಿಪ್: ಅರ್ಜಿಯಿಂದ ಮೊದಲ ತಿಂಗಳವರೆಗೆ

ಸಾಹಸ ಕೇಂದ್ರಕ್ಕೆ ಇಂಟರ್ನ್ ಆಗಿ ಸೇರುವವರ ತಲೆಯಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ. ಬಂಡೆ, ಹಗ್ಗ, ನೊರೆ ಉಕ್ಕುವ ಹೊಳೆ, ಅದರ ನಡುವೆ ತಾವು. ಮೊದಲ ದಿನ ಕೈಗೆ ಸಿಗುವುದು ನಲವತ್ತು ಒದ್ದೆ ಲೈಫ್ ಜಾಕೆಟ್, ಒಂದು ಬಕೆಟ್, ಒಂದು ಬ್ರಷ್. "ಇದಕ್ಕಾ ನಾನು ಬಂದದ್ದು?" ಅನ್ನಿಸುತ್ತದೆ.

ಹೌದು, ಇದಕ್ಕೇ. ಆ ನಲವತ್ತರಲ್ಲಿ ಯಾವುದರ ಬಕಲ್ ಸೀಳಿದೆ, ಯಾವುದರ ಹೊಲಿಗೆ ಬಿಟ್ಟಿದೆ ಎಂದು ತೊಳೆಯುವಾಗಲೇ ಕಣ್ಣಿಗೆ ಬೀಳಬೇಕು. ಹೊರಾಂಗಣದ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಬಂಡೆ ಹತ್ತುವುದೂ ಅಲ್ಲ, ದೋಣಿಗೆ ಹುಟ್ಟು ಹಾಕುವುದೂ ಅಲ್ಲ. ನೋಡುವುದು. ಎರಡನೆಯದು, ನೋಡಿದ್ದನ್ನು ಬಾಯಿ ಬಿಟ್ಟು ಹೇಳುವುದು. ಈ ಬರಹದ ಉದ್ದಕ್ಕೂ ಈ ಎರಡೇ ಮಾತು ಬೇರೆ ಬೇರೆ ರೂಪದಲ್ಲಿ ಬರುತ್ತವೆ.

1. ಯಾವ ಚಟುವಟಿಕೆ ಎಂದು ಮೊದಲು ತೀರ್ಮಾನಿಸಿ

"ಹೊರಾಂಗಣ" ಎನ್ನುವುದು ದೊಡ್ಡ ಮಾತು. ಬಂಡೆ ಹತ್ತುವುದು, ರಾಫ್ಟಿಂಗ್, ಕಯಾಕಿಂಗ್, ಚಾರಣ, ಮರಗಳ ಮೇಲಿನ ಹಗ್ಗದ ಹಾದಿ, ಶಾಲಾ ಮಕ್ಕಳ ವಸತಿ ಶಿಬಿರ, ಎಲ್ಲವೂ ಅದರೊಳಗೆ ಬರುತ್ತವೆ. ಆದರೆ ಕೆಲಸದ ಸ್ವಭಾವ ಒಂದೊಂದರದ್ದು ಒಂದೊಂದು ಥರ. ಹಗ್ಗದ ಹಾದಿಯಲ್ಲಿ ದಿನವಿಡೀ ಅದೇ ಜಾಗ, ಅದೇ ವಿವರಣೆ, ಬರುವ ಮುಖ ಮಾತ್ರ ಹೊಸದು. ಚಾರಣದಲ್ಲಿ ಅದೇ ಹತ್ತು ಜನರ ಜೊತೆ ಮೂರು ದಿನ ಕಳೆಯಬೇಕು. ಶಿಬಿರದಲ್ಲಿ ರಾತ್ರಿ ಎರಡು ಗಂಟೆಗೆ ಮನೆ ನೆನೆದು ಅಳುವ ಮಗುವಿನ ಪಕ್ಕ ಕೂರುವುದೂ ಕೆಲಸವೇ.

ನಿಮಗೆ ಬಂಡೆ ಇಷ್ಟವೋ ನೀರು ಇಷ್ಟವೋ ಎನ್ನುವುದಕ್ಕಿಂತ, ಒಂದೇ ಮಾತನ್ನು ಅರವತ್ತನೇ ಸಲ ಹೇಳುವಾಗಲೂ ಬೇಜಾರಿಲ್ಲದೆ ಹೇಳುತ್ತೀರಾ, ಗುಂಪಿನ ಜೊತೆ ದೀರ್ಘ ಕಾಲ ಇರಬಲ್ಲಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಬಂಡೆ ಹತ್ತುವುದರಲ್ಲಿ ನಿಪುಣರಾದವರು ಹತ್ತಿಸುವುದರಲ್ಲಿ ಸೋತದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಾವು ಹತ್ತುವ ಆಸೆ ಬಿಡದ ಕಾರಣಕ್ಕೇ ಸೋತರು.

ಕಾಲವನ್ನೂ ನೋಡಿ. ಗಿರಾಕಿಗಳ ನೂಕುನುಗ್ಗಲಿನ ನಡುವೆ ಸೇರಿದರೆ ಕಲಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಸೀಸನ್ ಶುರುವಾಗುವ ಮೂರು ನಾಲ್ಕು ವಾರ ಮೊದಲು ಸೇರಿದರೆ ಒಳ್ಳೆಯದು. ಸಲಕರಣೆಗಳ ವಾರ್ಷಿಕ ಪರೀಕ್ಷೆ, ಸಿಬ್ಬಂದಿಯ ಒಳ ತರಬೇತಿ, ರಕ್ಷಣಾ ಅಭ್ಯಾಸ ಎಲ್ಲ ಹೆಚ್ಚಾಗಿ ನಡೆಯುವುದು ಆಗಲೇ.

2. ಸೇರುವ ಮುಂಚೆ ನೀವೇ ಸಂದರ್ಶನ ಮಾಡಿ

ಇಂಟರ್ನ್ ಎಂದರೆ ಕೇಳುವ ಹಕ್ಕಿಲ್ಲದವರು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದು ತಪ್ಪು. ಯಾಕೆ ಎಂದು ತಿಳಿಯಲು ಒಂದು ಹಳೆಯ ಘಟನೆ ಗೊತ್ತಿರಬೇಕು.

1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಎಂಟು ಶಾಲಾ ಮಕ್ಕಳು, ಅವರ ಶಿಕ್ಷಕರು ಮತ್ತು ಇಬ್ಬರು ಇನ್‌ಸ್ಟ್ರಕ್ಟರ್‌ಗಳು ಕಯಾಕ್‌ಗಳಲ್ಲಿ ಸಮುದ್ರಕ್ಕೆ ಇಳಿದರು. ಗಾಳಿ ಅವರನ್ನು ದಡದಿಂದ ದೂರ ತಳ್ಳಿತು. ಇನ್‌ಸ್ಟ್ರಕ್ಟರ್‌ಗಳಿಗೆ ಸಮುದ್ರಕ್ಕೆ ಬೇಕಾದ ಅರ್ಹತೆ ಇರಲಿಲ್ಲ. ಸಂಕೇತ ಕೊಡಲು ಫ್ಲೇರ್ (ಉರಿಸಿ ಬೆಳಕು ತೋರಿಸುವ ಕಡ್ಡಿ) ಇರಲಿಲ್ಲ. ಕರಾವಳಿ ರಕ್ಷಣಾ ಪಡೆಗೆ ಸುದ್ದಿ ಮುಟ್ಟಿದ್ದು ತಡವಾಗಿ. ನಾಲ್ಕು ಮಕ್ಕಳು ಸತ್ತರು. ಆಮೇಲೆ ಬೆಳಕಿಗೆ ಬಂದ ಸಂಗತಿ ಇನ್ನೂ ನೋವಿನದು. ಆ ಕೇಂದ್ರದಲ್ಲಿ ಹಿಂದೆ ಕೆಲಸ ಮಾಡಿ ಬಿಟ್ಟುಹೋಗಿದ್ದ ಇಬ್ಬರು ಇನ್‌ಸ್ಟ್ರಕ್ಟರ್‌ಗಳು ಸುರಕ್ಷತೆ ಸಾಲದು ಎಂದು ಮೊದಲೇ ಪತ್ರ ಬರೆದು ಎಚ್ಚರಿಸಿದ್ದರು. ಕಂಪನಿಗೂ ಅದರ ಮುಖ್ಯಸ್ಥನಿಗೂ ಶಿಕ್ಷೆಯಾಯಿತು. 1995ರಲ್ಲಿ ಬ್ರಿಟನ್ ಮಕ್ಕಳ ಸಾಹಸ ಕೇಂದ್ರಗಳಿಗಾಗಿಯೇ ಪ್ರತ್ಯೇಕ ಕಾನೂನು ತಂದಿತು.

ಪತ್ರ ಬರೆದವರು ದೊಡ್ಡ ಅಧಿಕಾರಿಗಳೇನೂ ಅಲ್ಲ, ನೆಲಮಟ್ಟದಲ್ಲಿ ಕೆಲಸ ಮಾಡಿದವರು. ಕೇಂದ್ರದ ನಿಜ ಸ್ಥಿತಿ ಅಂಥವರಿಗೇ ಮೊದಲು ಗೊತ್ತಾಗುವುದು. ನಾಳೆ ನೀವೂ ಆ ಜಾಗದಲ್ಲಿ ನಿಲ್ಲುತ್ತೀರಿ.

ಹಾಗಾಗಿ ಸೇರುವ ಮೊದಲು ಸಾಧ್ಯವಾದರೆ ಒಂದು ದಿನ ಹೋಗಿ ನೋಡಿ. ಇಷ್ಟನ್ನಾದರೂ ಕೇಳಿ:

ನನ್ನ ಮೇಲ್ವಿಚಾರಕರು ಯಾರು, ಅವರು ದಿನವೂ ಸ್ಥಳದಲ್ಲಿ ಇರುತ್ತಾರಾ?
ಇನ್‌ಸ್ಟ್ರಕ್ಟರ್ ಒಬ್ಬರಿಗೆ ಎಷ್ಟು ಜನ ಅತಿಥಿಗಳು? ಆ ಲೆಕ್ಕದಲ್ಲಿ ನನ್ನನ್ನು ಸೇರಿಸುತ್ತೀರಾ?
ಅಪಘಾತ ವಿಮೆ ಇಂಟರ್ನ್‌ಗಳಿಗೂ ಅನ್ವಯಿಸುತ್ತದಾ?
ಸಲಕರಣೆಗಳ ದಾಖಲೆ ಪುಸ್ತಕ ನೋಡಬಹುದಾ?
ಹವಾಮಾನ ಕೆಟ್ಟರೆ ಚಟುವಟಿಕೆ ನಿಲ್ಲಿಸುವ ಅಧಿಕಾರ ಯಾರದ್ದು?

ಎರಡನೇ ಪ್ರಶ್ನೆ ತುಂಬಾ ಮುಖ್ಯ. ಇಬ್ಬರು ಇನ್‌ಸ್ಟ್ರಕ್ಟರ್ ಬೇಕಾದ ಕಡೆ ಒಬ್ಬರು ಇನ್‌ಸ್ಟ್ರಕ್ಟರ್, ಒಬ್ಬರು ಇಂಟರ್ನ್ ನಿಲ್ಲಿಸಿ ಲೆಕ್ಕ ಸರಿ ಮಾಡುವ ಜಾಗಗಳಿವೆ. ಕಲಿಯಲು ಬಂದವರು ಯಾವತ್ತೂ ಲೆಕ್ಕದ ಹೊರಗೇ ಇರಬೇಕು. ಕೊನೆಯ ಪ್ರಶ್ನೆಗೆ "ಸ್ಥಳದಲ್ಲಿರುವ ಇನ್‌ಸ್ಟ್ರಕ್ಟರ್‌ದು" ಎಂಬ ಉತ್ತರ ತಡವರಿಸದೆ ಬಂದರೆ ಒಳ್ಳೆಯ ಲಕ್ಷಣ. "ಬುಕಿಂಗ್ ಆಗಿರುತ್ತದಲ್ಲ, ನೋಡೋಣ" ಎಂದರೆ ನೀವೂ ಬೇರೆ ಕಡೆ ನೋಡಿ.

ಸಾಹಸ ಪ್ರವಾಸೋದ್ಯಮದ ಸುರಕ್ಷತಾ ವ್ಯವಸ್ಥೆಗೆ ಐಎಸ್‌ಒ 21101 ಎಂಬ ಅಂತರರಾಷ್ಟ್ರೀಯ ಮಾನಕ ಇದೆ. ಎಲ್ಲ ಕೇಂದ್ರಗಳೂ ಅದನ್ನು ಪಡೆದಿರಲೇಬೇಕು ಅಂತಿಲ್ಲ. ಆದರೆ ಅಪಾಯಗಳನ್ನು ಪಟ್ಟಿ ಮಾಡಿದ ಕಾಗದ, ತುರ್ತು ಯೋಜನೆ, ಘಟನೆಗಳ ದಾಖಲೆ ಈ ಮೂರೂ ಯಾವ ಸಣ್ಣ ಕೇಂದ್ರದಲ್ಲಾದರೂ ಇರಬೇಕು. ಅವಧಿ, ದಿನದ ಗಂಟೆಗಳು, ವಾರದ ರಜೆ, ಭತ್ಯೆ ಇದೆಯೋ ಇಲ್ಲವೋ, ಊಟ ವಸತಿ ಯಾರದ್ದು, ಕೊನೆಗೆ ಪ್ರಮಾಣಪತ್ರ ಸಿಗುತ್ತದಾ, ಇವೆಲ್ಲ ಬರಹದಲ್ಲಿ ಇರಲಿ. ಬಾಯಿಮಾತು ಸೀಸನ್ ಮುಗಿಯುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

3. ಅರ್ಜಿ

ಇದನ್ನು ಉದ್ದ ಮಾಡುವುದಿಲ್ಲ. ಒಂದು ಪುಟ ಸಾಕು. "ನನಗೆ ಪ್ರಕೃತಿ ಎಂದರೆ ಪ್ರಾಣ" ಎಂಬ ಸಾಲನ್ನು ಎಲ್ಲರೂ ಬರೆಯುತ್ತಾರೆ, ಬಿಟ್ಟುಬಿಡಿ. ಅದರ ಬದಲು ಜನರನ್ನು ನೋಡಿಕೊಂಡ ಯಾವುದಾದರೂ ಅನುಭವ ಬರೆಯಿರಿ: ಹೋಟೆಲಿನಲ್ಲಿ ಬಡಿಸಿದ್ದು, ಚಿಕ್ಕ ಮಕ್ಕಳಿಗೆ ಪಾಠ ಹೇಳಿದ್ದು, ವಯಸ್ಸಾದವರ ಆರೈಕೆ ಮಾಡಿದ್ದು. ನೋಡುವವರಿಗೆ ಅದು ಐದು ಶಿಖರಗಳಿಗಿಂತ ಜಾಸ್ತಿ ಹೇಳುತ್ತದೆ.

ಆರೋಗ್ಯದ ವಿಷಯ ಮುಚ್ಚಿಡಬೇಡಿ. ಆಸ್ತಮಾ, ಮೂರ್ಛೆರೋಗ, ಜೇನು ಕಚ್ಚಿದರೆ ಅಲರ್ಜಿ, ಹಳೆಯ ಭುಜದ ಪೆಟ್ಟು, ಈಜು ಅಷ್ಟಾಗಿ ಬಾರದಿರುವುದು, ಎತ್ತರದ ಭಯ. ಇವುಗಳಲ್ಲಿ ಬಹಳಷ್ಟಕ್ಕೆ ದಾರಿ ಇದೆ. ಮುಚ್ಚಿಟ್ಟರೆ ಮಾತ್ರ ಇಲ್ಲ. ಮಕ್ಕಳ ಜೊತೆ ಕೆಲಸವಾದರೆ ನಿಮ್ಮ ಹಿನ್ನೆಲೆಯನ್ನು ಪರಿಶೀಲಿಸುತ್ತಾರೆ. ಅದಕ್ಕೆ ಬೇಸರ ಪಡಬೇಡಿ, ಪರಿಶೀಲಿಸದಿದ್ದರೆ ಅನುಮಾನ ಪಡಿ.

4. ಹೋಗುವ ಮುಂಚಿನ ಎರಡು ವಾರ

ಪ್ರಥಮ ಚಿಕಿತ್ಸೆಯ ತರಬೇತಿ ಇನ್ನೂ ಆಗಿಲ್ಲದಿದ್ದರೆ ಈಗ ಮಾಡಿಸಿಕೊಳ್ಳಿ. ಆಸ್ಪತ್ರೆಯಿಂದ ದೂರ ಇರುವ ಜಾಗಗಳಿಗಾಗಿಯೇ ರೂಪಿಸಿದ ಕೋರ್ಸ್‌ಗಳು ಇವೆ. ಚಿಕ್ಕದು ಸಾಮಾನ್ಯವಾಗಿ 16 ಗಂಟೆಯದು, ದೊಡ್ಡದು 70ರಿಂದ 80 ಗಂಟೆಯದು. ಶುರುವಿಗೆ ಚಿಕ್ಕದು ಸಾಕು.

ಎರಡು ಮೀಟರ್ ಹಗ್ಗ ತಂದು ಮನೆಯಲ್ಲಿಟ್ಟುಕೊಳ್ಳಿ. ಫಿಗರ್ ಎಯ್ಟ್ ಗಂಟು, ಅದನ್ನೇ ಹಾರ್ನೆಸ್ಸಿಗೆ (ಸೊಂಟ, ತೊಡೆಗೆ ಬಿಗಿಯುವ ಸುರಕ್ಷತಾ ಪಟ್ಟಿಗೆ) ಹಿಂದಿರುಗಿಸಿ ಹೆಣೆಯುವ ವಿಧಾನ, ಕ್ಲೋವ್ ಹಿಚ್, ಇಟಾಲಿಯನ್ ಹಿಚ್, ಪ್ರುಸಿಕ್. ಈ ಐದು ಕೈಗೆ ಬರಲಿ. ಟಿವಿ ನೋಡುತ್ತಾ ಕಟ್ಟಿ, ಕತ್ತಲಲ್ಲಿ ಕಟ್ಟಿ, ಒದ್ದೆ ಕೈಯಲ್ಲಿ ಕಟ್ಟಿ. ಆದರೆ ಒಂದು ಎಚ್ಚರಿಕೆ: ಕೇಂದ್ರದವರು ಬೇರೆ ಥರ ಕಟ್ಟಿದರೆ ಅವರ ಥರವೇ ಕಟ್ಟಬೇಕು. ಎಲ್ಲರೂ ಒಂದೇ ಥರ ಕಟ್ಟಿದರೆ ತಪ್ಪು ದೂರದಿಂದಲೇ ಕಾಣುತ್ತದೆ. ನಿಮ್ಮದು ಎಷ್ಟೇ ಚೆಂದದ ಗಂಟಾದರೂ ಪಕ್ಕದವರಿಗೆ ಓದಲು ಬರದಿದ್ದರೆ ಪ್ರಯೋಜನ ಇಲ್ಲ.

ಬಟ್ಟೆಯ ವಿಷಯ: ತಂಪು ಜಾಗಕ್ಕೂ ನೀರಿನ ಕೆಲಸಕ್ಕೂ ಹತ್ತಿ ಬೇಡ. ಒದ್ದೆಯಾದರೆ ನೀರು ಹಿಡಿದುಕೊಂಡು ಮೈಯ ಬಿಸಿ ಹೀರುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ಹೊಸ ಬೂಟನ್ನು ಮೊದಲ ದಿನ ಹಾಕಿಕೊಂಡು ಹೋಗಬೇಡಿ, ಎರಡು ವಾರ ಮುಂಚೆಯೇ ಹಾಕಿ ನಡೆದು ಪಳಗಿಸಿ. ಹಣೆಗೆ ಕಟ್ಟುವ ಟಾರ್ಚ್, ಸೀಟಿ, ಸಣ್ಣ ಚಾಕು, ಜೇಬಿಗೆ ಹಿಡಿಸುವ ನೋಟ್‌ಬುಕ್, ಪೆನ್ಸಿಲ್. ಪೆನ್ಸಿಲ್ ಯಾಕೆಂದರೆ ಮಳೆಯಲ್ಲಿ ಪೆನ್ನು ಕೈಕೊಡುತ್ತದೆ. ಸ್ವಂತ ಹಾರ್ನೆಸ್, ಹೆಲ್ಮೆಟ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಬಹಳ ಕೇಂದ್ರಗಳು ತಮ್ಮ ದಾಖಲೆಯಲ್ಲಿ ಇರುವ ಸಲಕರಣೆ ಬಿಟ್ಟು ಬೇರೆಯದನ್ನು ಬಳಸಲು ಬಿಡುವುದಿಲ್ಲ.

5. ಮೊದಲ ದಿನ

ಅರ್ಧ ಗಂಟೆ ಮುಂಚೆ ಹೋಗಿ. ಜಾಗವನ್ನು ಒಂದು ಸುತ್ತು ನಡೆಯಿರಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿ, ಸ್ಟ್ರೆಚರ್ ಎಲ್ಲಿ, ವಾಕಿಟಾಕಿ ಎಲ್ಲಿ ಚಾರ್ಜ್ ಆಗುತ್ತದೆ, ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಲ್ಲಿ ಸಿಗುವುದಿಲ್ಲ, ಆಂಬುಲೆನ್ಸ್ ಬಂದರೆ ಯಾವ ಗೇಟಿನಿಂದ ಬರಬೇಕು, ಆ ಗೇಟಿನ ಕೀಲಿ ಯಾರ ಹತ್ತಿರ. ಕೀಲಿಯ ಪ್ರಶ್ನೆ ಸಣ್ಣದು ಅನ್ನಿಸಬಹುದು. ಬೇಕಾದಾಗ ಅದಕ್ಕಿಂತ ದೊಡ್ಡ ಪ್ರಶ್ನೆ ಇರುವುದಿಲ್ಲ.

ತುರ್ತು ಯೋಜನೆಯಲ್ಲಿ ನಿಮ್ಮ ಪಾತ್ರ ಏನು ಎಂದು ಕೇಳಿ. ಇಂಟರ್ನ್‌ಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕೆಲಸ ಇರುತ್ತದೆ: ಉಳಿದ ಅತಿಥಿಗಳನ್ನು ಸುರಕ್ಷಿತ ಜಾಗದಲ್ಲಿ ಕೂರಿಸುವುದು, ಇಲ್ಲವೇ ಸುದ್ದಿ ಮುಟ್ಟಿಸುವುದು. ಸುದ್ದಿ ಮುಟ್ಟಿಸುವುದಾದರೆ ಎಲ್ಲಿ, ಏನಾಯಿತು, ಎಷ್ಟು ಜನ, ಏನು ಸಹಾಯ ಬೇಕು ಎಂಬ ಕ್ರಮದಲ್ಲಿ ಹೇಳಲು ಅಭ್ಯಾಸ ಮಾಡಿ. ಜಾಗ ಮೊದಲು. ಮಧ್ಯದಲ್ಲಿ ಲೈನ್ ಕಟ್ ಆದರೂ ಎಲ್ಲಿಗೆ ಬರಬೇಕು ಎನ್ನುವುದಾದರೂ ತಲುಪಿರುತ್ತದೆ.

ಬೆಟ್ಟದಲ್ಲಿ ಸಿಗ್ನಲ್ ಇಲ್ಲದಿದ್ದರೆ ಸೀಟಿಯೇ ಗತಿ. ಆಲ್ಪ್ಸ್‌ನಲ್ಲಿ ಹುಟ್ಟಿದ ಸಂಕೇತ ಹೀಗಿದೆ: ಒಂದು ನಿಮಿಷದಲ್ಲಿ ಆರು ಸಲ ಊದಬೇಕು, ಒಂದು ನಿಮಿಷ ಸುಮ್ಮನಿರಬೇಕು, ಮತ್ತೆ ಆರು ಸಲ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರಿಸುತ್ತಾರೆ. ಉತ್ತರ ಅಮೆರಿಕದಲ್ಲಿ ಕರೆಯೇ ಮೂರು ಊದು. ಹಾಗಾಗಿ ನಿಮ್ಮ ಕೇಂದ್ರದ ಸಂಕೇತ ಯಾವುದು ಎಂದು ಕೇಳಿಕೊಳ್ಳಿ.

6. ಸಲಕರಣೆ ಕೋಣೆ

ಮೊದಲ ವಾರ ಜಾಸ್ತಿ ಹೊತ್ತು ಇಲ್ಲೇ ಇರುತ್ತೀರಿ. ಇದ್ದಷ್ಟೂ ಲಾಭ. ನನ್ನನ್ನು ಕೇಳಿದರೆ ಈ ಕೋಣೆಯಲ್ಲಿ ಕಲಿತಷ್ಟು ಬಂಡೆಯ ಮೇಲೆ ಕಲಿಯುವುದಿಲ್ಲ.

ಒಂದು ಕ್ಯಾರಬೀನರ್, ಅಂದರೆ ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಕೈಗೆತ್ತಿಕೊಳ್ಳಿ. ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಅಂಕಿಗಳು ಇರುತ್ತವೆ. ಅವು ಕಿಲೋನ್ಯೂಟನ್ ಲೆಕ್ಕ. ಒಂದು ಕಿಲೋನ್ಯೂಟನ್ ಎಂದರೆ ಸುಮಾರು ನೂರು ಕಿಲೋ ಭಾರ ಎಂದು ಇಟ್ಟುಕೊಳ್ಳಿ. ಯೂರೋಪಿನ ಮಾನಕದ ಪ್ರಕಾರ ಹತ್ತಲು ಬಳಸುವ ಸಾಮಾನ್ಯ ಕ್ಯಾರಬೀನರ್ ಉದ್ದಕ್ಕೆ ಎಳೆದಾಗ ಕನಿಷ್ಠ 20 ಕಿಲೋನ್ಯೂಟನ್ ತಾಳಬೇಕು. ಅಡ್ಡಕ್ಕೆ ಎಳೆದರೆ, ಅಥವಾ ಗೇಟ್ (ತೆರೆದು ಮುಚ್ಚುವ ಬಾಯಿ) ತೆರೆದಿದ್ದರೆ, ಕನಿಷ್ಠ 7. ಅದೇ ಲೋಹ, ಅದೇ ತುಂಡು. ತಿರುಗಿ ಅಡ್ಡ ಬಿದ್ದ ತಕ್ಷಣ ಶಕ್ತಿ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇನ್‌ಸ್ಟ್ರಕ್ಟರ್‌ಗಳು "ಲಾಕ್ ಹಾಕಿದ್ದೀರಾ, ಸರಿಯಾಗಿ ಕೂತಿದೆಯಾ" ಎಂದು ಪದೇ ಪದೇ ಕೇಳುವುದು ಇದಕ್ಕೇ. ಕಾರಣ ಗೊತ್ತಾದ ಮೇಲೆ ನೀವೂ ಬೇಸರವಿಲ್ಲದೆ ಕೇಳುತ್ತೀರಿ.

ಹಗ್ಗವನ್ನು ಕಣ್ಣಿನಿಂದ ಮಾತ್ರ ನೋಡಬೇಡಿ, ಬೆರಳಿನಿಂದ ನೋಡಿ. ಒಂದು ತುದಿಯಿಂದ ಶುರು ಮಾಡಿ ಇಡೀ ಹಗ್ಗವನ್ನು ಕೈಯಲ್ಲಿ ಹಾಯಿಸಿ. ಪ್ರತಿ ಅಡಿಗೂ ಸ್ವಲ್ಪ ಬಗ್ಗಿಸಿ. ಒಳಗಿನ ತಿರುಳು ಸರಿ ಇದ್ದರೆ ದುಂಡಗೆ ಬಾಗುತ್ತದೆ. ಒಂದು ಕಡೆ ಚಪ್ಪಟೆಯಾದರೆ, ಮೆತ್ತಗಾದರೆ, ಚೂಪಾಗಿ ಮಡಚಿದರೆ ಒಳಗೆ ಪೆಟ್ಟು ಬಿದ್ದಿರಬಹುದು. ಹೊರಗಿನ ಹೊದಿಕೆ ಮಾತ್ರ ಚೆನ್ನಾಗಿಯೇ ಕಾಣುತ್ತಿರುತ್ತದೆ. ಅನುಮಾನ ಬಂದರೆ ಬೇರೆ ಇಟ್ಟು, ಚೀಟಿ ಅಂಟಿಸಿ, ಮೇಲ್ವಿಚಾರಕರಿಗೆ ತೋರಿಸಿ. ನೀವೇ ಕತ್ತರಿಸಬೇಡಿ, ನೀವೇ "ಪರವಾಗಿಲ್ಲ" ಎಂದು ವಾಪಸ್ ನೇತುಹಾಕಲೂ ಬೇಡಿ.

ಹಾರ್ನೆಸ್‌ನಲ್ಲಿ ಮೊದಲು ಸವೆಯುವುದು ಹಗ್ಗ ಕಟ್ಟುವ ಎರಡು ಕುಣಿಕೆಗಳು. ಅಲ್ಲಿ ನೂಲು ಎದ್ದಿದೆಯಾ, ಹೊಲಿಗೆಯ ಬಣ್ಣ ಮಾಸಿದೆಯಾ ನೋಡಿ. ಬಿಸಿಲು ನೈಲಾನ್‌ಗೆ ಶತ್ರು. ಆಸಿಡ್ ಇನ್ನೂ ಕೆಟ್ಟದ್ದು. ಕಾರಿನ ಬ್ಯಾಟರಿಯ ಪಕ್ಕ ಇಟ್ಟ ಹಾರ್ನೆಸ್ ಕಣ್ಣಿಗೆ ಕಾಣುವ ಯಾವ ಗುರುತೂ ಇಲ್ಲದೆ ಹಾಳಾಗಬಹುದು. ಗಾಡಿಯ ಡಿಕ್ಕಿಯಲ್ಲಿ ಏನನ್ನು ಯಾವುದರ ಪಕ್ಕ ಇಡುತ್ತೀರಿ ಎನ್ನುವುದೂ ಸುರಕ್ಷತೆಯೇ. ಹೆಲ್ಮೆಟ್ ಮೇಲೆ ಹೆಸರು ಬರೆಯಲು ಮಾರ್ಕರ್ ಹಿಡಿಯುವ ಮುಂಚೆ ಕಂಪನಿಯ ಸೂಚನೆ ಓದಿ. ಕೆಲವು ಶಾಯಿ, ಅಂಟು, ಬಣ್ಣಗಳು ಪ್ಲಾಸ್ಟಿಕ್ಕನ್ನು ದುರ್ಬಲ ಮಾಡುತ್ತವೆ. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಮುಲಾಮು ಕೂಡ ಕೆಲವು ಪ್ಲಾಸ್ಟಿಕ್‌ಗಳನ್ನು ತಿನ್ನುತ್ತದೆ. ಮುಲಾಮು ಹಚ್ಚಿದ ಕೈ ತೊಳೆದು ಆಮೇಲೆ ಸಾಮಾನು ಮುಟ್ಟಿ.

ಪ್ಲಾಸ್ಟಿಕ್ ಮತ್ತು ಬಟ್ಟೆಯ ಸಲಕರಣೆಗಳಿಗೆ ಹೆಚ್ಚೆಂದರೆ 10 ವರ್ಷ ಆಯಸ್ಸು ಎಂದು ಪೆಟ್ಜಲ್‌ನಂಥ ತಯಾರಕರು ಹೇಳುತ್ತಾರೆ. ಬಳಸದೆ ಇಟ್ಟಿದ್ದರೂ ಅಷ್ಟೇ. ಬಳಕೆ ಜೋರಾಗಿದ್ದರೆ ಅದಕ್ಕಿಂತ ಎಷ್ಟೋ ಮುಂಚೆ ಬದಲಾಯಿಸಬೇಕು. ಪರಿಣತರಿಂದ ಕನಿಷ್ಠ 12 ತಿಂಗಳಿಗೊಮ್ಮೆ ತಪಾಸಣೆ ಆಗಬೇಕು, ದಿನದ ಬಳಕೆಗೆ ಮುನ್ನ ನೋಡುವುದು ಬೇರೆ. ದಾಖಲೆ ಪುಸ್ತಕದಲ್ಲಿ ಪ್ರತಿ ವಸ್ತುವಿಗೂ ನಂಬರ್, ಕೊಂಡ ದಿನ, ತಪಾಸಣೆಯ ದಿನ ಇರುತ್ತದೆ. ಆ ಪುಸ್ತಕ ಬರೆಯುವ ಕೆಲಸ ಕೇಳಿ ಪಡೆಯಿರಿ. ಯಾರಿಗೂ ಇಷ್ಟವಿಲ್ಲದ ಕೆಲಸ, ಖುಷಿಯಿಂದ ಕೊಡುತ್ತಾರೆ.

ತೇಲುವ ಜಾಕೆಟ್‌ಗಳಲ್ಲಿ ಎರಡು ಜಾತಿ. ಕಯಾಕ್, ರಾಫ್ಟ್‌ಗಳಲ್ಲಿ ಹಾಕುವ, 50 ನ್ಯೂಟನ್ ತೇಲಿಸುವ ಬಲದ ಜಾಕೆಟ್ ಪ್ರಜ್ಞೆ ಇರುವ, ಈಜು ಬಲ್ಲವರಿಗೆ ಆಸರೆ. 150 ನ್ಯೂಟನ್‌ನ ನಿಜವಾದ ಲೈಫ್ ಜಾಕೆಟ್ ಪ್ರಜ್ಞೆ ತಪ್ಪಿದವರನ್ನೂ ಮುಖ ಮೇಲಾಗಿ ತಿರುಗಿಸುವಂತೆ ಮಾಡಿದ್ದು. ಹೊರಗಿನಿಂದ ಬಂದವರು ಎರಡನ್ನೂ ಲೈಫ್ ಜಾಕೆಟ್ ಎಂದೇ ಕರೆಯುತ್ತಾರೆ, ನಾನೂ ಮೇಲೆ ಹಾಗೇ ಬರೆದೆ. ವ್ಯತ್ಯಾಸ ಮಾತ್ರ ನಿಮಗೆ ಗೊತ್ತಿರಲಿ. ಹಾಕಿದ ಮೇಲೆ ಎರಡೂ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಗಲ್ಲ, ಕಿವಿಯವರೆಗೆ ಬಂದರೆ ಸಡಿಲ.

ಕೆಲಸ ಮುಗಿದ ಮೇಲೆ ಉಗುರು ಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸುವುದು. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಸಲಕರಣೆಯ ಆಯಸ್ಸೂ ಅಷ್ಟೇ ಬೇಗ ತೀರುತ್ತದೆ.

7. ನೆರಳಿನಂತೆ ಹಿಂಬಾಲಿಸುವ ದಿನಗಳು

ಮುಂದಿನ ಹಂತದಲ್ಲಿ ಅನುಭವಿ ಇನ್‌ಸ್ಟ್ರಕ್ಟರ್ ಜೊತೆ ಗುಂಪಿನೊಂದಿಗೆ ಹೋಗುತ್ತೀರಿ. ನಿಮಗೆ ಜವಾಬ್ದಾರಿ ಇಲ್ಲ, ನೋಡುವುದಷ್ಟೇ. ಎಲ್ಲರೂ ಇಲ್ಲಿ ಮಾಡುವ ತಪ್ಪು ಇನ್‌ಸ್ಟ್ರಕ್ಟರ್‌ರನ್ನೇ ನೋಡುತ್ತಾ ನಿಲ್ಲುವುದು. ಅವರ ಮಾತು ಎರಡು ಸಲ ಕೇಳಿದರೆ ಬಾಯಿಪಾಠ ಆಗುತ್ತದೆ. ಮೂರನೇ ಸಲದಿಂದ ತಿರುಗಿ ನಿಂತು ಅತಿಥಿಗಳನ್ನು ನೋಡಿ.

ಯಾರು ಜಾಸ್ತಿ ನಗುತ್ತಿದ್ದಾರೆ? ಯಾರು ಏನೂ ಮಾತಾಡುತ್ತಿಲ್ಲ? ಯಾರು ಪದೇ ಪದೇ ಶೌಚಾಲಯ ಎಲ್ಲಿ ಎಂದು ಕೇಳುತ್ತಿದ್ದಾರೆ? ಯಾರು ಸಾಲಿನಲ್ಲಿ ಸುಮ್ನೆ ಹಿಂದಕ್ಕೆ ಸರಿಯುತ್ತಿದ್ದಾರೆ? ಭಯ ಇಂಥ ಕಡೆಯೇ ಅಡಗಿರುತ್ತದೆ. "ನನಗೆ ಭಯ" ಎಂದು ಹೇಳುವವರ ಚಿಂತೆ ಕಡಿಮೆ, ಅವರು ಹೇಳಿಬಿಟ್ಟರು. ಜೋಕ್ ಮಾಡುತ್ತಾ ಎಲ್ಲರನ್ನೂ ನಗಿಸುವವರ ಮೇಲೆ ಒಂದು ಕಣ್ಣಿಡಿ.

ಭಯಪಟ್ಟವರಿಗೆ "ಏನೂ ಆಗಲ್ಲ, ಬನ್ನಿ" ಎಂದರೆ ಉಪಯೋಗ ಇಲ್ಲ. ಅವರ ದೇಹವೇ "ಆಗುತ್ತೆ" ಎನ್ನುತ್ತಿರುತ್ತದೆ. ಅದರ ಬದಲು ಒಂದು ಸಣ್ಣ ಕೆಲಸ ಕೊಡಿ: "ಈ ಹಗ್ಗದ ಮೇಲೆ ಭಾರ ಹಾಕಿ ಕೂತು ನೋಡಿ, ನೆಲದಿಂದ ಒಂದೇ ಅಡಿ." ಕೂತರೆ ಮುಂದಿನದು. ಇಲ್ಲವಾದರೆ ಅಲ್ಲಿಗೇ ನಿಲ್ಲಲಿ. ಎಷ್ಟು ಎತ್ತರ ಎನ್ನುವ ತೀರ್ಮಾನ ಅವರದ್ದು. ಜೊತೆಗೆ ಬಂದವರು "ಹೋಗೋ, ಹೋಗೋ" ಎಂದು ಕೂಗಿದರೆ ಅದನ್ನು ನಿಲ್ಲಿಸುವುದು ಸಿಬ್ಬಂದಿಯ ಕೆಲಸ.

ತಲೆ ಎಣಿಸುವುದು ರೂಢಿಯಾಗಲಿ. ಹೊರಡುವಾಗ, ನಿಂತಾಗ, ಮತ್ತೆ ಹೊರಡುವಾಗ, ನೀರಿಗೆ ಇಳಿಯುವ ಮುಂಚೆ, ಹತ್ತಿದ ಮೇಲೆ. ಗುನುಗುತ್ತಾ ಎಣಿಸಿ, ಬೆರಳು ತೋರಿಸಬೇಡಿ, ಕುರಿ ಎಣಿಸಿದಂತೆ ಇರುತ್ತದೆ.

ಹೊಳೆಯ ಕೆಲಸವಾದರೆ ಕೆಲವು ವಿಷಯ ಮೊದಲ ದಿನವೇ ಗೊತ್ತಿರಬೇಕು. ಎಡದಂಡೆ, ಬಲದಂಡೆ ಎನ್ನುವುದು ನೀರು ಹರಿಯುವ ದಿಕ್ಕಿಗೆ ಮುಖ ಮಾಡಿದ ಲೆಕ್ಕ. ನೀವು ಯಾವ ಕಡೆ ತಿರುಗಿ ನಿಂತರೂ ಅದು ಬದಲಾಗುವುದಿಲ್ಲ. ನೊರೆಯೆದ್ದು ರಭಸವಾಗಿ ಹರಿಯುವ ಬಿಳಿನೀರಿನ ಕಷ್ಟವನ್ನು ಒಂದರಿಂದ ಆರು ದರ್ಜೆಗಳಲ್ಲಿ ಅಳೆಯುತ್ತಾರೆ. ಮಳೆ ಬಂದು ನೀರು ಏರಿದರೆ ನಿನ್ನೆಯ ಮೂರು ಇವತ್ತು ನಾಲ್ಕಾಗಬಹುದು. ಹರಿಯುವ ನೀರಿಗೆ ಬಿದ್ದರೆ ಎದ್ದು ನಿಲ್ಲಲು ಹೋಗಬಾರದು. ಕಾಲು ಕಲ್ಲಿನ ಸಂದಿಗೆ ಸಿಕ್ಕಿಕೊಂಡರೆ ನೀರಿನ ಒತ್ತಡ ಮುಖವನ್ನು ಒಳಕ್ಕೆ ತಳ್ಳುತ್ತದೆ. ಬೆನ್ನ ಮೇಲೆ ಮಲಗಿ, ಕಾಲು ಮುಂದೆ ಮಾಡಿ, ಕಾಲ್ಬೆರಳುಗಳು ನೀರಿನ ಮೇಲೆ ಕಾಣುವಂತೆ ತೇಲಬೇಕು. ಬೇರೊಬ್ಬರು ಬಿದ್ದರೆ ಕ್ರಮ ಹೀಗೆ: ಮೊದಲು ಕೈ ಅಥವಾ ಹುಟ್ಟು ಚಾಚಿ, ಆಗದಿದ್ದರೆ ಹಗ್ಗ ಎಸೆಯಿರಿ, ಆಗದಿದ್ದರೆ ದೋಣಿ. ನೀರಿಗೆ ಹಾರುವುದು ಕಟ್ಟಕಡೆಗೆ, ಅದೂ ತರಬೇತಿ ಆದವರು ಮಾತ್ರ. ಇಂಟರ್ನ್ ಹಾರಿದರೆ ರಕ್ಷಿಸಬೇಕಾದವರು ಇಬ್ಬರಾಗುತ್ತಾರೆ.

ಗುಡುಗು ಕೇಳಿಸಿದರೆ ಹೊರಗಿನ ಕೆಲಸ ನಿಲ್ಲಬೇಕು, ಕೊನೆಯ ಗುಡುಗಿನಿಂದ 30 ನಿಮಿಷ ಕಾಯಬೇಕು. ಇಪ್ಪತ್ತನೇ ನಿಮಿಷಕ್ಕೆ ಮತ್ತೆ ಗುಡುಗಿದರೆ ಲೆಕ್ಕ ಸೊನ್ನೆಯಿಂದ. ಆಕಾಶ ತಿಳಿಯಾಗಿದೆ, ಗಿರಾಕಿಗಳು ಗೊಣಗುತ್ತಿದ್ದಾರೆ ಎನ್ನುವಾಗ ಈ ನಿಯಮ ಪಾಲಿಸುವುದು ಎಷ್ಟು ಕಷ್ಟ ಎಂದು ನೋಡಿಯೇ ತಿಳಿಯಬೇಕು.

ದಿನಕ್ಕೆ ಹತ್ತು ನಿಮಿಷ ನೋಟ್‌ಬುಕ್‌ಗೆ ಕೊಡಿ. "ಚೆನ್ನಾಗಿತ್ತು" ಎಂದು ಬರೆಯಬೇಡಿ. ಇನ್‌ಸ್ಟ್ರಕ್ಟರ್ ಎಲ್ಲಿ ನಿಂತಿದ್ದರು, ಯಾಕೆ ಅಲ್ಲೇ ನಿಂತರು, ಯಾವಾಗ ಯೋಜನೆ ಬದಲಿಸಿದರು ಎಂದು ಬರೆಯಿರಿ. ಕಾರಣ ಹೊಳೆಯದಿದ್ದರೆ ಸಂಜೆ ಕೇಳಿ. ಗುಂಪಿನ ಎದುರು ಕೇಳಬೇಡಿ.

8. ಕೈ ಹಾಕುವ ಹಂತ

ಬಂಡೆಯಲ್ಲಿ ಇಂಟರ್ನ್‌ಗೆ ಸಿಗುವ ಮೊದಲ ನಿಜವಾದ ಕೆಲಸ ಸಾಮಾನ್ಯವಾಗಿ ಹಗ್ಗದ ಬಾಲ ಹಿಡಿಯುವುದು. ಹತ್ತುವವರು ಬೀಳದಂತೆ ಹಗ್ಗ ಹಿಡಿದು ಕಾಯುವುದಕ್ಕೆ ಬಿಲೇ ಎನ್ನುತ್ತಾರೆ. ಬಿಲೇ ಮಾಡುವವರ ಕೈ ತಪ್ಪಿದರೆ ನಿಮ್ಮ ಕೈ ಇದೆ ಎಂದು ಅರ್ಥ. ನೋಡಲು ಏನೂ ಅಲ್ಲ, ಆದರೆ ಮನಸ್ಸು ಒಂದು ಕ್ಷಣವೂ ಬೇರೆ ಕಡೆ ಹೋಗುವಂತಿಲ್ಲ. ಫೋನ್ ಬ್ಯಾಗಿನಲ್ಲಿರಲಿ. ಚಾರಣದಲ್ಲಿ ಮೊದಲ ಕೆಲಸ ಕೊನೆಯಲ್ಲಿ ನಡೆಯುವುದು. ನಿಮ್ಮ ಹಿಂದೆ ಯಾರೂ ಇರಬಾರದು, ಚಪ್ಪಲಿ ಕಟ್ಟಿಕೊಳ್ಳಲು ನಿಂತವರೂ ಸಹ.

ಹತ್ತುವ ಮುಂಚಿನ ಜೋಡಿ ಪರೀಕ್ಷೆ ಪ್ರತಿ ಸಲವೂ ಮಾಡಿ: ಇಬ್ಬರ ಹಾರ್ನೆಸ್ ಬಕಲ್, ಗಂಟು, ಬಿಲೇ ಸಾಧನದೊಳಗೆ ಹಗ್ಗ ಸರಿಯಾಗಿ ಹೋಗಿದೆಯಾ, ಕ್ಯಾರಬೀನರ್ ಲಾಕ್, ಹೆಲ್ಮೆಟ್. ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ, ಬಾಯಿಂದ ಹೇಳಿ. ಹಿರಿಯ ಇನ್‌ಸ್ಟ್ರಕ್ಟರ್ ಹತ್ತುತ್ತಿದ್ದರೂ ಅವರ ಗಂಟನ್ನೂ ನೋಡಿ. ಇಪ್ಪತ್ತು ವರ್ಷದ ಅನುಭವ ಇರುವವರೂ ಮಾತಿನ ನಡುವೆ ಗಂಟು ಅರ್ಧಕ್ಕೆ ಬಿಟ್ಟದ್ದಿದೆ. ಒಳ್ಳೆಯವರು ಥ್ಯಾಂಕ್ಸ್ ಹೇಳುತ್ತಾರೆ. ಮುಖ ಗಂಟಿಕ್ಕಿದರೆ ಅದೂ ಒಂದು ಮಾಹಿತಿ.

ಯಾರಾದರೂ ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುತ್ತಿದ್ದರೆ ಸುಮ್ಮನೆ ಕಾಯಬೇಡಿ, ತಕ್ಷಣ ಹೇಳಿ. ಕಾಲಿಗೆ ಚಲನೆ ಇಲ್ಲದೆ ತೂಗಿದರೆ ರಕ್ತ ಸಂಚಾರ ಕುಂದಿ ಬೇಗ ಪ್ರಜ್ಞೆ ತಪ್ಪಬಹುದು. ಅವರನ್ನು ಇಳಿಸುವ ಯೋಜನೆ ಹತ್ತಿಸುವ ಮುಂಚೆಯೇ ಇರಬೇಕು.

ಈಗ ಕಷ್ಟದ ಮಾತು. ಒಂದಲ್ಲ ಒಂದು ದಿನ ಸಿಬ್ಬಂದಿ ಕಡಿಮೆ ಬೀಳುತ್ತಾರೆ. "ನೀನು ಚೆನ್ನಾಗಿ ಮಾಡ್ತಿದ್ದೀಯ, ಈ ಗುಂಪು ನೀನೇ ನೋಡ್ಕೋ" ಎನ್ನುತ್ತಾರೆ. ಕೇಳಲು ಬಹಳ ಹಿತ. ನಿಮ್ಮನ್ನು ಪರೀಕ್ಷಿಸಿ, ಆ ಚಟುವಟಿಕೆಗೆ ಒಪ್ಪಿಗೆ ಎಂದು ಬರಹದಲ್ಲಿ ಸಹಿ ಆಗಿಲ್ಲದಿದ್ದರೆ ಒಪ್ಪಬೇಡಿ. ನನಗೂ ಹೀಗೆ ಆಗಿತ್ತು. ಹಿಗ್ಗಿ ಒಪ್ಪಿಕೊಂಡೆ. ಏನೂ ಆಗಲಿಲ್ಲ, ಆದರೆ ಅದು ನನ್ನ ಅದೃಷ್ಟ, ಸಾಮರ್ಥ್ಯ ಅಲ್ಲ. ಆ ಎರಡು ಗಂಟೆಯಲ್ಲಿ ಏನಾದರೂ ಆಗಿದ್ದರೆ ಮುಂದೇನು ಮಾಡಬೇಕು ಎಂದು ನನಗೆ ಗೊತ್ತಿರಲಿಲ್ಲ.

ಬೇಡ ಎನ್ನಲು ಜಗಳ ಬೇಕಿಲ್ಲ. "ಸರ್, ಇದಕ್ಕೆ ನನ್ನ ಸಹಿ ಇನ್ನೂ ಆಗಿಲ್ಲ. ಯಾರಾದರೂ ಜೊತೆಗಿದ್ದರೆ ನಾನು ಸಹಾಯಕ್ಕೆ ರೆಡಿ" ಎಂದರೆ ಸಾಕು. ಈ ವಾಕ್ಯವನ್ನು ಮೊದಲೇ ಬಾಯಿಗೆ ರೂಢಿ ಮಾಡಿಕೊಳ್ಳಿ. ಆ ಹೊತ್ತಿಗೆ ಯೋಚಿಸಿ ಹೇಳಲು ಆಗುವುದಿಲ್ಲ.

ಮಕ್ಕಳ ಗುಂಪಾದರೆ ಒಂಟಿ ಮಗುವಿನ ಜೊತೆ ಮುಚ್ಚಿದ ಜಾಗದಲ್ಲಿ ಒಬ್ಬರೇ ಇರಬೇಡಿ. ಹಾರ್ನೆಸ್ ಬಿಗಿ ಮಾಡುವ ಮುಂಚೆ "ಈ ಪಟ್ಟಿ ಎಳೀತೀನಿ, ಸರೀನಾ?" ಎಂದು ಕೇಳಿ, ಆದಷ್ಟು ಅವರಿಂದಲೇ ಎಳೆಸಿ. ನಿಮ್ಮ ಫೋನಿನಲ್ಲಿ ಅವರ ಫೋಟೋ ಬೇಡ, ನಿಮ್ಮ ನಂಬರ್ ಅವರಿಗೆ ಬೇಡ.

9. ತಪ್ಪು ಮತ್ತು ತಪ್ಪಿಹೋದದ್ದು

ಲಾಕ್ ಹಾಕದ ಕ್ಯಾರಬೀನರ್ ನೆಲದಲ್ಲೇ ಸಿಕ್ಕಿತು. ಕಲ್ಲು ಉರುಳಿತು, ಯಾರಿಗೂ ತಾಗಲಿಲ್ಲ. ಇಂಥದ್ದನ್ನು "ಸದ್ಯ, ಬಚಾವ್" ಎಂದು ಮರೆಯುವುದು ಸುಲಭ. ಬರೆದಿಡಿ. ಎಷ್ಟು ಹೊತ್ತಿಗೆ, ಎಲ್ಲಿ, ಏನಾಯಿತು, ಏನು ಮಾಡಿದೆವು. ಯಾರ ತಪ್ಪು ಎಂದು ಬರೆಯುವ ಅಗತ್ಯ ಇಲ್ಲ. ಒಂದೇ ಜಾಗದಲ್ಲಿ ಮೂರು ಸಲ ಕಲ್ಲು ಉರುಳಿದ್ದು ಪುಸ್ತಕ ಓದಿದರೆ ಮಾತ್ರ ಗೊತ್ತಾಗುತ್ತದೆ, ಮೂರೂ ದಿನ ಬೇರೆ ಬೇರೆ ಜನ ಇದ್ದರಲ್ಲ.

ನಿಮ್ಮದೇ ತಪ್ಪಾದರೆ ಅದೇ ದಿನ, ನೀವೇ ಹೇಳಿ. ಬೈಗುಳ ಬರಬಹುದು. ತಡವಾಗಿ ಬೇರೆಯವರಿಂದ ತಿಳಿದರೆ ಬೈಗುಳ ಬರುವುದಿಲ್ಲ, ನಂಬಿಕೆ ಹೋಗುತ್ತದೆ.

10. ನಾಲ್ಕನೇ ವಾರ

ದಣಿವು ಈ ಹೊತ್ತಿಗೆ ಮೂಳೆಗೆ ಇಳಿದಿರುತ್ತದೆ. ನೀರು ಕುಡಿಯುವುದು ಮರೆಯುತ್ತೀರಿ, ಅತಿಥಿಗಳಿಗೆ ಮಾತ್ರ ಕುಡಿಯಿರಿ ಎನ್ನುತ್ತಿರುತ್ತೀರಿ. ರಜೆಯ ದಿನ ನಿಜವಾಗಿ ರಜೆ ಮಾಡಿ. ರಜೆಯ ದಿನವೂ ಹತ್ತಲು ಹೋಗುವ ಹುಮ್ಮಸ್ಸು ಸೀಸನ್ ಕೊನೆಗೆ ಉಳಿಯುವುದಿಲ್ಲ.

ಮೇಲ್ವಿಚಾರಕರ ಹತ್ತಿರ ಅರ್ಧ ಗಂಟೆ ಕೇಳಿ ಪಡೆಯಿರಿ. "ನಾನು ಹೇಗೆ ಮಾಡ್ತಿದ್ದೀನಿ?" ಎಂದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. "ಮುಂದಿನ ತಿಂಗಳು ಬಿಲೇಗೆ ಸಹಿ ಹಾಕಬೇಕಾದರೆ ನನ್ನಲ್ಲಿ ಇನ್ನೂ ಏನು ನೋಡಬೇಕು?" ಎಂದು ಕೇಳಿ. ಉತ್ತರವನ್ನು ಅವರ ಎದುರೇ ಬರೆದುಕೊಳ್ಳಿ.

ಲಾಗ್‌ಬುಕ್, ಅಂದರೆ ನಿಮ್ಮ ಅನುಭವದ ದಾಖಲೆ ಪುಸ್ತಕಕ್ಕೂ ಅವತ್ತೇ ಸಹಿ ಮಾಡಿಸಿ: ದಿನಾಂಕ, ಜಾಗ, ಚಟುವಟಿಕೆ, ಗುಂಪಿನ ಗಾತ್ರ, ಹವಾಮಾನ, ನಿಮ್ಮ ಪಾತ್ರ. ನೋಡಿದ ದಿನವನ್ನು "ನೋಡಿದೆ" ಎಂದೇ ಬರೆಯಿರಿ, "ನಡೆಸಿದೆ" ಎಂದು ಬರೆಯಬೇಡಿ. ಮುಂದೆ ಅರ್ಹತಾ ಪರೀಕ್ಷೆಗೆ ಹೋದಾಗ ಪರೀಕ್ಷಕರು ಆ ಪುಸ್ತಕದ ಯಾವುದೋ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಾರೆ: "ಈ ದಿನ ಗಾಳಿ ಜೋರಿತ್ತು ಅಂತ ಬರೆದಿದ್ದೀರಿ. ಆಮೇಲೆ ಏನು ಮಾಡಿದಿರಿ?"